ನಿಮ್ಮ ಕಪ್ಪಿನ ಚಹಾದ ಹಿಂದೆ ಯಾರ ಲೆಕ್ಕ ಇದೆ?

(ಈ ವಾರದ ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ, ಮೆಟ್ರೋದಲ್ಲಿ, ಅಡುಗೆಮನೇಲಿ ಪಾತ್ರೆ ತೊಳೀತಾ, ಎಲ್ಲಿಂದ ಕೇಳ್ತಾ ಇದ್ರೂ ಈ ವಾರದ ಕಂತಿಗೆ ಸ್ವಾಗತ. ಕೈಯಲ್ಲಿ ಒಂದು ಕಪ್ ಚಹಾ ಇದ್ರೆ ಇನ್ನೂ ಒಳ್ಳೇದು. ಇವತ್ತಿನ ಮಾತೆಲ್ಲ ಅದರದ್ದೇ.

ಮೊದಲು ಒಂದು ಸಣ್ಣ ಜಗಳದ ಕತೆ. ನಾನು ಹುಬ್ಬಳ್ಳಿ ಕಡೆಯವನು, ನನ್ನ ರೂಮ್‌ಮೇಟ್ ಮಂಡ್ಯದವನು. ನಾನು ‘ಬಾ, ಚಹಾ ಕುಡಿಯೋಣ’ ಅಂದ್ರೆ ಅವನಿಗೆ ನಗು. ‘ಟೀ ಅನ್ನಪ್ಪ, ಅದೇನು ಚಹಾ’ ಅಂತಾನೆ. ನಾನು ಚಹಾಪುಡಿ ಅಂದ್ರೆ ಅವರಜ್ಜಿ ಟೀ ಸೊಪ್ಪು ಅಂತಾರಂತೆ. ಮಂಗಳೂರಿನ ಗೆಳೆಯ ಒಬ್ಬ ಇದ್ದಾನೆ, ಅವನದ್ದು ಬರೀ ‘ಚಾ’. ಮೂವರೂ ಕನ್ನಡಿಗರು, ಮೂವರ ಲೋಟದಲ್ಲೂ ಇರೋದು ಒಂದೇ ಪುಡಿ. ಹಾಗಾದ್ರೆ ಹೆಸರು ಯಾಕೆ ಬೇರೆ?

ಚೀನಾದಲ್ಲಿ ಈ ಗಿಡಕ್ಕೆ ಬರೆಯೋ ಅಕ್ಷರ ಒಂದೇ, ಓದೋದು ಮಾತ್ರ ಬೇರೆ ಬೇರೆ. ಹೆಚ್ಚಿನ ಕಡೆ ‘ಚಾ’ ಅಂತಾರೆ. ಫುಜಿಯಾನ್ ಅನ್ನೋ ಕರಾವಳಿ ಪ್ರಾಂತ್ಯದ ಭಾಷೆಯಲ್ಲಿ ‘ತೆ’ ಅಂತಾರೆ. 17ನೇ ಶತಮಾನದಲ್ಲಿ ಡಚ್ಚರು ಚಹಾ ಕೊಂಡಿದ್ದು ಫುಜಿಯಾನ್ ವ್ಯಾಪಾರಿಗಳ ಹತ್ತಿರ. ಹಾಗಾಗಿ ‘ತೆ’ ಹಡಗು ಹತ್ತಿ ಯೂರೋಪಿಗೆ ಹೋಯ್ತು, ಇಂಗ್ಲಿಷರ ಬಾಯಲ್ಲಿ ‘ಟೀ’ ಆಯ್ತು. ಮಕಾವ್‌ನಲ್ಲಿ ನೆಲೆಯೂರಿದ್ದ ಪೋರ್ಚುಗೀಸರು ‘ಚಾ’ ಅನ್ನೋದನ್ನೇ ಕಲಿತರು. ಒಂಟೆ, ಕುದುರೆಗಳ ಬೆನ್ನೇರಿ ಭೂಮಾರ್ಗವಾಗಿ ಹೋದ ಹೆಸರು ಪರ್ಷಿಯಾದಲ್ಲಿ ‘ಚಾಯ್’ ಆಗಿ, ಅಲ್ಲಿಂದ ಹಿಂದಿಗೂ ಬಂತು. ಮರಾಠಿಯ ಚಹಾ, ನಮ್ಮ ಧಾರವಾಡದ ಚಹಾ, ಎಲ್ಲ ಅದೇ ಬಳಗ. ಅಂದ್ರೆ ನನ್ನದೂ ನನ್ನ ರೂಮ್‌ಮೇಟ್‌ನದ್ದೂ ಜಗಳ ಎರಡು ವ್ಯಾಪಾರದ ದಾರಿಗಳ ಜಗಳ. ಕರ್ನಾಟಕದೊಳಗೇ ಆ ಎರಡು ದಾರಿ ಎದುರುಬದುರು ಸಿಗ್ತವೆ.

ನಾನು ಬಿ.ಕಾಂ. ಓದಿದವನು. ಇತಿಹಾಸ ನನ್ನ ಸಬ್ಜೆಕ್ಟ್ ಆಗಿರಲಿಲ್ಲ. ಆದ್ರೆ ಅಕೌಂಟ್ಸ್ ಮೇಷ್ಟ್ರು ಒಂದು ಮಾತನ್ನ ತಲೇಲಿ ಕೂರಿಸಿಬಿಟ್ಟಿದ್ರು: ‘ಯಾವ ಎಂಟ್ರಿಗೂ ಎರಡು ಕಡೆ ಇರುತ್ತೆ. ಇಲ್ಲಿಗೆ ಬಂತು ಅಂದ್ರೆ ಅಲ್ಲಿಂದ ಹೋಗಿದೆ ಅಂತ ಅರ್ಥ.’ ಚಹಾದ ಬಗ್ಗೆ ಓದ್ತಾ ಓದ್ತಾ ನನಗೆ ಆ ಮಾತೇ ನೆನಪಾಗ್ತಾ ಇತ್ತು. ಒಂದೊಂದು ದೇಶದ ಚಹಾ ಪದ್ಧತಿ ನೋಡಿದ್ರೆ ಸಾವಿರಾರು ವರ್ಷದ ಸಂಪ್ರದಾಯದ ಥರ ಕಾಣುತ್ತೆ. ಕೆದಕಿ ನೋಡಿದ್ರೆ ಎಷ್ಟೋ ಕಡೆ ಅದರ ಕೆಳಗೆ ಒಂದು ತೆರಿಗೆ, ಒಂದು ಯುದ್ಧ, ಮಾರಾಟವಾಗದೆ ಉಳಿದ ಒಂದು ಗೋದಾಮು ಸಿಗುತ್ತೆ. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಚೀನಾ. 8ನೇ ಶತಮಾನ, ತಾಂಗ್ ವಂಶದ ಕಾಲ. ಲು ಯು ಅನ್ನೋ ವಿದ್ವಾಂಸ ಚಹಾದ ಬಗ್ಗೆಯೇ ಒಂದು ಗ್ರಂಥ ಬರೆದ. ಆಗ ಚಹಾ ಸೊಪ್ಪನ್ನ ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ಮಾಡಿ ಒಣಗಿಸ್ತಿದ್ರು. ಕುಡಿಯೋವಾಗ ಆ ಬಿಲ್ಲೆಯನ್ನ ಸುಟ್ಟು, ಪುಡಿ ಮಾಡಿ, ನೀರಲ್ಲಿ ಕುದಿಸೋದು. ಸ್ವಲ್ಪ ಉಪ್ಪು ಹಾಕೋದಕ್ಕೆ ಲು ಯು ತಕರಾರು ಮಾಡಲಿಲ್ಲ. ಆದ್ರೆ ಜನ ಶುಂಠಿ, ಈರುಳ್ಳಿ, ಕಿತ್ತಳೆ ಸಿಪ್ಪೆ, ಪುದೀನ ಎಲ್ಲ ಹಾಕಿ ಕುದಿಸ್ತಿದ್ರು. ಅದು ಚರಂಡಿ ನೀರಿಗೆ ಸಮ ಅಂತ ಬೈದಿದ್ದಾನೆ. ನಮ್ಮ ಶುಂಠಿ ಚಹಾಕ್ಕೆ ಅವನು ಎಷ್ಟು ಮಾರ್ಕ್ಸ್ ಕೊಡ್ತಿದ್ದ ಅಂತ ನೀವೇ ಊಹಿಸಿಕೊಳ್ಳಿ.

ಈಗ ನಾವು ಚೀನೀ ಚಹಾ ಅಂದಾಗ ಕಣ್ಣ ಮುಂದೆ ಬರೋದು ಪುಟ್ಟ ಮಣ್ಣಿನ ಕೆಟಲ್, ಅದರಲ್ಲಿ ನೆನೆಸಿದ ಇಡೀ ಎಲೆ. ಅದು ಶುರುವಿನಿಂದ ಇದ್ದ ಪದ್ಧತಿ ಅಲ್ಲ. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಹಾಂಗ್‌ವು ಒಂದು ಆಜ್ಞೆ ಹೊರಡಿಸಿದ: ಅರಮನೆಗೆ ಕಪ್ಪವಾಗಿ ಬಿಲ್ಲೆ ಚಹಾ ಕಳಿಸೋದು ಬೇಡ, ಬಿಡಿ ಎಲೆ ಕಳಿಸಿ ಸಾಕು. ಅರಮನೆಯ ಬಿಲ್ಲೆ ತಯಾರಿಸೋದರಲ್ಲೇ ಹಳ್ಳಿ ಜನರ ಕೂಲಿ, ಸಮಯ ಎಲ್ಲ ಹೋಗ್ತಿತ್ತು. ಹಾಂಗ್‌ವು ಬಡ ರೈತರ ಮನೆಯಲ್ಲಿ ಹುಟ್ಟಿದವನು, ಆ ಭಾರ ಏನು ಅಂತ ಗೊತ್ತಿದ್ದವನು. ಅಲ್ಲಿಂದ ಮುಂದೆ ಬಿಡಿ ಎಲೆಯನ್ನ ಬಿಸಿನೀರಲ್ಲಿ ನೆನೆಸೋದೇ ರೂಢಿಯಾಯ್ತು. ಅದಕ್ಕೆ ಕೆಟಲ್ ಬಂತು.

ಚೀನಾದ ಪಶ್ಚಿಮಕ್ಕೆ ಟಿಬೆಟ್. ಅಲ್ಲಿ ಚಹಾ ಬೆಳೀತಿರಲಿಲ್ಲ, ಆದ್ರೆ ಚೀನಾಕ್ಕೆ ಬೇಕಾದ ಒಂದು ವಸ್ತು ಇತ್ತು: ಕುದುರೆ. ಸಾಂಗ್ ವಂಶದವರಿಗೆ ಉತ್ತರದ ಶತ್ರುಗಳ ಜತೆ ಕಾದಾಡೋಕೆ ಒಳ್ಳೆ ಯುದ್ಧದ ಕುದುರೆ ಬೇಕಿತ್ತು. 1074ರಲ್ಲಿ ಸಿಚುವಾನ್‌ನ ಚಹಾ ಕೊಟ್ಟು ಕುದುರೆ ಕೊಳ್ಳೋದಕ್ಕೆ ಅಂತಲೇ ಒಂದು ಸರ್ಕಾರಿ ಇಲಾಖೆ ತೆರೆದರು. ಕಡಿದಾದ ಬೆಟ್ಟದ ದಾರಿಯಲ್ಲಿ ಹೇಸರಗತ್ತೆಗಳ ಮೇಲೆ, ಕೂಲಿಗಳ ಬೆನ್ನ ಮೇಲೆ ಗಟ್ಟಿ ಚಹಾ ಇಟ್ಟಿಗೆಗಳು ಹೋದವು. ಅತ್ತಲಿಂದ ಕುದುರೆಗಳು ಬಂದವು. ಟಿಬೆಟನ್ನರು ಆ ಇಟ್ಟಿಗೆ ಚಹಾವನ್ನ ಕುದಿಸಿ, ಉಪ್ಪು ಬೆಣ್ಣೆ ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ಕಡೆದು ಕುಡಿಯೋದನ್ನ ರೂಢಿ ಮಾಡಿಕೊಂಡ್ರು. ಆ ಚಳಿಗೆ, ಆ ಎತ್ತರಕ್ಕೆ ಅದು ಕುಡಿಯೋ ಊಟ.

ಇದನ್ನ ನೋಡೋಕೆ ಲಾಸಾಗೆ ಹೋಗಬೇಕಿಲ್ಲ. 1960ರ ದಶಕದಲ್ಲಿ ನಮ್ಮ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಟಿಬೆಟನ್ ನಿರಾಶ್ರಿತರ ನೆಲೆಗಳು ಶುರುವಾದವು. ಬೆಣ್ಣೆ ಚಹಾ ಅವರ ಜತೆಗೇ ಬಂತು. ನಾನು ಮುಂಡಗೋಡಿಗೆ ಹೋದಾಗ ಒಬ್ಬರ ಮನೇಲಿ ಕುಡಿದೆ. ಮರದ ಕೊಳವೆ ಬದಲು ಮಿಕ್ಸಿ, ಯಾಕ್ ಬೆಣ್ಣೆ ಬದಲು ಅಂಗಡಿ ಬೆಣ್ಣೆ. ಚಹಾ ಅಂದುಕೊಂಡು ಕುಡಿದ್ರೆ ಮೊದಲ ಗುಟುಕಿಗೇ ಮುಖ ಹುಳ್ಳಗಾಗುತ್ತೆ. ಸಾರು ಅಂದುಕೊಂಡು ಕುಡಿದ್ರೆ ಎರಡನೇ ಲೋಟ ಕೇಳ್ತೀರಿ.

ಇನ್ನು ಜಪಾನ್. ಚೀನಾದಲ್ಲಿ ಪುಡಿ ಚಹಾವನ್ನ ಬಿಸಿನೀರಲ್ಲಿ ಕಲಕಿ ಕುಡಿಯೋ ಪದ್ಧತಿ ಇದ್ದ ಕಾಲದಲ್ಲೇ ಐಸಾಯ್ ಅನ್ನೋ ಜೆನ್ ಸನ್ಯಾಸಿ ಅಲ್ಲಿಂದ 1191ರಲ್ಲಿ ಚಹಾ ಬೀಜ ತಂದ. ಚೀನಾ ಆಮೇಲೆ ಆ ಪದ್ಧತಿ ಬಿಟ್ಟಿತು, ಜಪಾನ್ ಉಳಿಸಿಕೊಂಡಿತು. ಇವತ್ತು ಬೆಂಗಳೂರಿನ ಕೆಫೆಗಳಲ್ಲಿ ನೂರಾರು ರೂಪಾಯಿ ಕೊಟ್ಟು ಕುಡೀತೀವಲ್ಲ, ಆ ಮಾಚಾದ ಮೂಲ ಇದೇ.

ಜಪಾನಿನ ಚಹಾ ಸಮಾರಂಭ ಅಂದ ತಕ್ಷಣ ನಮಗೆ ಮೌನ, ಶಾಂತಿ ನೆನಪಾಗುತ್ತೆ. ಅದು ರೂಪುಗೊಂಡಿದ್ದು ಮಾತ್ರ ಯುದ್ಧದ ಕಾಲದಲ್ಲಿ, 16ನೇ ಶತಮಾನದಲ್ಲಿ. ಗೆದ್ದ ದಳಪತಿಗಳಿಗೆ ಬಹುಮಾನವಾಗಿ ಎಷ್ಟು ಅಂತ ಜಮೀನು ಕೊಡೋದು? ನೊಬುನಾಗ ಅನ್ನೋ ಸೇನಾಧಿಪತಿ ಹೆಸರಾಂತ ಚಹಾ ಬಟ್ಟಲು, ಭರಣಿಗಳನ್ನ ಬಹುಮಾನ ಕೊಡೋಕೆ ಶುರು ಮಾಡಿದ. ಒಂದು ಮಣ್ಣಿನ ಭರಣಿಗೆ ಕೋಟೆಯಷ್ಟು ಬೆಲೆ ಬಂತು. ಆ ಹೊತ್ತಲ್ಲಿ ಸೆನ್ ನೊ ರಿಕ್ಯು ಅನ್ನೋ ಚಹಾ ಗುರು ಉಲ್ಟಾ ದಾರಿ ಹಿಡಿದ. ಎರಡೇ ಚಾಪೆಯಷ್ಟು ಜಾಗದ ಕೋಣೆ, ಒರಟು ಬಟ್ಟಲು. ಒಳಗೆ ಹೋಗಬೇಕಂದ್ರೆ ಎಂಥ ಸಮುರಾಯಿಯಾದರೂ ಕತ್ತಿ ಹೊರಗಿಟ್ಟು, ಪುಟ್ಟ ಬಾಗಿಲಲ್ಲಿ ಬಗ್ಗಿ ತೆವಳಿಕೊಂಡು ಹೋಗಬೇಕು. ಅವನ ಒಡೆಯ ಹಿದೆಯೋಶಿ ಚಿನ್ನದ ತಗಡು ಹೊದಿಸಿದ ಚಹಾ ಕೋಣೆ ಕಟ್ಟಿಸಿದವನು. 1591ರಲ್ಲಿ ಹಿದೆಯೋಶಿ ರಿಕ್ಯುಗೆ ಹೊಟ್ಟೆ ಬಗೆದುಕೊಂಡು ಸಾಯೋಕೆ ಆಜ್ಞೆ ಮಾಡಿದ. ಯಾಕೆ ಅನ್ನೋದು ಇವತ್ತಿಗೂ ವಾದ. ರಿಕ್ಯು ಸತ್ತ, ಬಗ್ಗಿ ಹೋಗೋ ಆ ಬಾಗಿಲು ಉಳಿಯಿತು.

ಈಗ ಪಶ್ಚಿಮಕ್ಕೆ ಬರೋಣ. ಮೊರಾಕೊದ ಪುದೀನ ಚಹಾ ವಿಡಿಯೋ ನೋಡಿರ್ತೀರಿ. ಮೇಲಿನಿಂದ ಧಾರೆಯಾಗಿ ಸುರೀತಾರೆ, ಗ್ಲಾಸಲ್ಲಿ ನೊರೆ ಏಳುತ್ತೆ. ಮೂರು ಗ್ಲಾಸ್ ಕುಡಿಯದೆ ಎದ್ದರೆ ಮರ್ಯಾದೆ ಅಲ್ಲ. ಅರಬ್ಬರ ಕಾಲದಿಂದ ಬಂದದ್ದು ಅನ್ಸುತ್ತಲ್ವಾ? ಅದು ಮನೆಮನೆ ಮಾತಾಗಿದ್ದು 19ನೇ ಶತಮಾನದಲ್ಲಿ. 1853ರಿಂದ 1856ರವರೆಗೆ ಕ್ರಿಮಿಯಾ ಯುದ್ಧ. ಬ್ರಿಟಿಷ್ ವ್ಯಾಪಾರಿಗಳಿಗೆ ಬಾಲ್ಟಿಕ್ ಸಮುದ್ರದ ಮಾರುಕಟ್ಟೆ ಬಂದ್ ಆಯ್ತು. ಕೈಯಲ್ಲಿದ್ದ ಚೀನೀ ಹಸಿರು ಚಹಾವನ್ನ ಎಲ್ಲಾದ್ರೂ ಮಾರಲೇಬೇಕು. ಟ್ಯಾಂಜಿಯರ್, ಎಸ್ಸವೀರಾ ಬಂದರುಗಳಲ್ಲಿ ತಂದು ಇಳಿಸಿದ್ರು. ಅಲ್ಲಿನ ಜನ ಮೊದಲೇ ಪುದೀನ ಕಷಾಯ ಮಾಡ್ತಿದ್ರು, ಅದಕ್ಕೆ ಈ ಸೊಪ್ಪು, ಮೇಲೆ ಸಕ್ಕರೆ ಸೇರಿತು. ಇವತ್ತಿಗೂ ಮೊರಾಕೊ ಚಹಾ ತರಿಸಿಕೊಳ್ಳೋದು ಚೀನಾದಿಂದಲೇ.

ಟರ್ಕಿ ಕತೆ ಇನ್ನೂ ಹೊಸದು. ಅದು ಕಾಫಿ ದೇಶ ಆಗಿತ್ತು. ಕಾಫಿ ಬರ್ತಿದ್ದ ಯೆಮೆನ್ ಒಟ್ಟೊಮನ್ ಸಾಮ್ರಾಜ್ಯದೊಳಗೆ ಇತ್ತು. ಬಾಬಾ ಬುಡನ್ ಕಾಫಿ ಬೀಜ ತಂದರು ಅಂತ ನಾವು ಹೇಳೋದೂ ಅದೇ ಯೆಮೆನ್‌ನಿಂದ. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಒಡೆಯಿತು, ಯೆಮೆನ್ ಕೈತಪ್ಪಿತು. ಕಾಫಿ ಅಂದ್ರೆ ಹೊರದೇಶದ ಸರಕು, ಕೈಯಿಂದ ದುಡ್ಡು ಹೋಗೋ ಬಾಬ್ತು ಅಂತಾಯ್ತು. 1924ರಲ್ಲಿ ಹೊಸ ಗಣರಾಜ್ಯ ಕಪ್ಪು ಸಮುದ್ರದ ದಂಡೆಯ ರೀಜೆಯಲ್ಲಿ ಚಹಾ ಬೆಳೆಸೋಕೆ ಕಾನೂನು ಮಾಡಿತು. ಇವತ್ತು ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಚಹಾ ಕುಡಿಯೋರ ಸಾಲಲ್ಲಿ ಟರ್ಕಿಯವರಿದ್ದಾರೆ. ನೂರೇ ವರ್ಷ ನೋಡಿ.

ಬ್ರಿಟನ್ನಿನ ಕತೆ ನಮಗೆ ನೇರವಾಗಿ ತಾಗೋದು. 18ನೇ ಶತಮಾನದಲ್ಲಿ ಅಲ್ಲಿ ಚಹಾದ ಮೇಲೆ ಎಷ್ಟು ತೆರಿಗೆ ಅಂದ್ರೆ, ದೇಶ ತುಂಬ ಕಳ್ಳಸಾಗಣೆ. 1784ರಲ್ಲಿ ಸರ್ಕಾರ ಸುಮಾರು ಶೇ. 119 ಇದ್ದ ತೆರಿಗೆಯನ್ನ ಶೇ. 12.5ಕ್ಕೆ ಇಳಿಸಿತು. ಚಹಾ ಶ್ರೀಮಂತರ ಬೀಗದ ಡಬ್ಬಿಯಿಂದ ಕೂಲಿಕಾರರ ಮನೆಗೂ ಬಂತು. ಅದಕ್ಕೆ ಹಾಕೋ ಸಕ್ಕರೆ ಬರ್ತಿದ್ದದ್ದು ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದ ಗುಲಾಮರ ದುಡಿಮೆಯಿಂದ. ಇನ್ನು ಚೀನಾದವರು ಚಹಾಕ್ಕೆ ಬದಲಾಗಿ ಬೆಳ್ಳಿಯನ್ನೇ ಕೇಳ್ತಿದ್ರು. ಆ ಬೆಳ್ಳಿ ವಾಪಸ್ ತರೋಕೆ ಈಸ್ಟ್ ಇಂಡಿಯಾ ಕಂಪನಿ ಕಂಡುಕೊಂಡ ದಾರಿ ಅಫೀಮು. ಬಂಗಾಳ, ಬಿಹಾರದ ರೈತರಿಂದ ಬೆಳೆಸಿ, ಕಲ್ಕತ್ತೆಯಲ್ಲಿ ಹರಾಜು ಹಾಕಿ, ಖಾಸಗಿ ವ್ಯಾಪಾರಿಗಳ ಕೈಲಿ ಚೀನಾಕ್ಕೆ ಸಾಗಿಸೋದು. ಚೀನಾ ತಡೆಯಿತು. 1839ರಲ್ಲಿ ಯುದ್ಧವೇ ಆಯ್ತು.

ಅಷ್ಟರಲ್ಲಿ ಅಸ್ಸಾಂನಲ್ಲಿ ಚಹಾ ಗಿಡ ಸಿಕ್ಕಿತ್ತು. ‘ಸಿಕ್ಕಿತ್ತು’ ಅನ್ನೋದು ಬ್ರಿಟಿಷರ ಮಾತು. ಅಲ್ಲಿನ ಸಿಂಗ್ಫೋ ಜನ ಅದನ್ನ ಮೊದಲಿಂದ ಕುಡೀತಾ ಇದ್ರು. ಎಲೆ ಹುರಿದು, ಬಿದಿರಿನ ಕೊಳವೆಯಲ್ಲಿ ತುಂಬಿ, ಹೊಗೆಯಲ್ಲಿ ಇಡೋದು ಅವರ ರೀತಿ. ಸಿಂಗ್ಫೋಗಳ ಚಹಾದ ವಿಷಯ ಬ್ರಿಟಿಷರಿಗೆ ತಿಳಿಸಿದ ಅಸ್ಸಾಮಿ ಮಣಿರಾಮ್ ದೇವಾನ್. ಮುಂದೆ ಅವರೇ ಸ್ವಂತ ತೋಟ ಮಾಡಿದ ಮೊದಲ ಭಾರತೀಯ. 1839ರ ಜನವರಿಯಲ್ಲಿ ಅಸ್ಸಾಂ ಚಹಾದ 8 ಪೆಟ್ಟಿಗೆ ಲಂಡನ್ನಿನಲ್ಲಿ ಹರಾಜಾದವು. 1857ರ ದಂಗೆಯಲ್ಲಿ ಸಂಚು ಮಾಡಿದರು ಅಂತ ಮಣಿರಾಮ್ ಅವರನ್ನ 1858ರಲ್ಲಿ ಗಲ್ಲಿಗೇರಿಸಿದರು.

ಇಲ್ಲಿ ಒಂದು ಪ್ರಶ್ನೆ. ಇಷ್ಟೆಲ್ಲ ಆದ್ರೂ ಭಾರತದ ಜನ ಸಾಮಾನ್ಯರು ಚಹಾ ಕುಡೀತಿರಲಿಲ್ಲ. ಬೆಳೆದದ್ದೆಲ್ಲ ಹಡಗು ಹತ್ತುತಿತ್ತು. ಹಾಗಾದ್ರೆ ನಮ್ಮ ಮನೆಗೆ ಯಾವಾಗ ಬಂತು?

ನಮ್ಮಜ್ಜಿಗೆ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದು ಹೀಗೆ: ‘ನಾವು ಸಣ್ಣವರಿದ್ದಾಗ ಚಹಾ ಎಲ್ಲಿತ್ತೋ ತಮ್ಮಾ. ಯಾರಿಗರ ಜ್ವರ ಬಂದ್ರ ಅಂಗಡಿಯಿಂದ ಒಂದು ಪುಡಿ ಪೊಟ್ಟಣ ತರತಿದ್ರು. ಸಂತಿ ದಿನ ಒಂದು ಗಾಡಿ ಬರತಿತ್ತು ನೋಡು, ಎಲ್ಲಾರಿಗೂ ಪುಕ್ಕಟೆ ಕುಡಸ್ತಿದ್ರು. ನಿಮ್ಮ ಮುತ್ತಜ್ಜ ಅದು ಚಟಾ ಅಂತ ಬೈತಿದ್ರು.’

ಆ ಗಾಡಿ ಸುಮ್ಮನೆ ಬಂದದ್ದಲ್ಲ. 1903ರಲ್ಲಿ ಬ್ರಿಟಿಷ್ ಸರ್ಕಾರ ರಫ್ತಾಗೋ ಚಹಾದ ಮೇಲೆ ಒಂದು ಸೆಸ್ ಹಾಕಿತು. ಆ ದುಡ್ಡು ಪೂರ್ತಿ ಚಹಾ ಪ್ರಚಾರಕ್ಕೆ. 1929ರ ನಂತರ ಜಗತ್ತಿನ ಆರ್ಥಿಕ ಕುಸಿತ ಬಂತು, ಚಹಾ ಬೆಲೆ ನೆಲ ಕಚ್ಚಿತು. 1933ರಲ್ಲಿ ಭಾರತ, ಸಿಲೋನ್, ಡಚ್ಚರ ಇಂಡೋನೇಷ್ಯಾ ಇಷ್ಟಕ್ಕಿಂತ ಹೆಚ್ಚು ರಫ್ತು ಮಾಡಲ್ಲ ಅಂತ ಒಪ್ಪಂದ ಮಾಡಿಕೊಂಡವು. ಉಳಿದ ಸ್ಟಾಕ್ ಏನು ಮಾಡೋದು? ಆಗ ನಮ್ಮ ಕಡೆ ಗಮನ ಜೋರಾಗಿ ಹರಿಯಿತು. ಸಂತೆ, ಜಾತ್ರೆಗಳಲ್ಲಿ ಪುಕ್ಕಟೆ ಚಹಾ. ರೈಲ್ವೆ ಸ್ಟೇಷನ್ನುಗಳಲ್ಲಿ ಚಹಾ ಮಾಡೋ ವಿಧಾನದ ಚಿತ್ರ ಬರೆದ ಬೋರ್ಡುಗಳು. ಹೆಂಗಸರಿಗೆ ಕಲಿಸೋಕೆ ಮನೆ ಮನೆಗೆ ಹೋಗೋ ಮಹಿಳೆಯರು. ಈಗಿನ ಆ್ಯಪ್‌ಗಳು ಮೊದಲ ಮೂರು ಆರ್ಡರ್ ಫ್ರೀ ಅಂತಾವಲ್ಲ, ಅದೇ ಐಡಿಯಾ. ಇನ್ನೊಂದು ಕಡೆ ಗಾಂಧೀಜಿ ಚಹಾ ಬೇಡ ಅಂತಲೇ ಬರೀತಾ ಇದ್ರು. ನಮ್ಮ ಮುತ್ತಜ್ಜನ ಬೈಗುಳ ಆ ಕಾಲದ್ದು.

ಬೋರ್ಡಿನಲ್ಲಿ ಹೇಳಿಕೊಟ್ಟ ರೀತಿಯಲ್ಲಿ ನಾವು ಚಹಾ ಮಾಡಲಿಲ್ಲ ಅನ್ನೋದೇ ಮಜಾ. ಎಲೆ ಮೇಲೆ ಬಿಸಿನೀರು ಹಾಕಿ, ಮುಚ್ಚಿಟ್ಟು, ಆಮೇಲೆ ಸ್ವಲ್ಪ ಹಾಲು ಬೆರೆಸಿ ಅಂತ ಅವರು ಕಲಿಸಿದ್ರು. ನಮ್ಮವರು ಹಾಲು, ನೀರು, ಸಕ್ಕರೆ, ಪುಡಿ ಎಲ್ಲ ಒಂದೇ ಪಾತ್ರೆಗೆ ಹಾಕಿ ಕುದಿಸಿದ್ರು. ಶುಂಠಿ, ಏಲಕ್ಕಿ ಸೇರಿಸಿದ್ರು. ಇದರಲ್ಲೂ ಲೆಕ್ಕ ಇದೆ: ಹೀಗೆ ಮಾಡಿದ್ರೆ ದುಬಾರಿ ಪುಡಿ ಕಮ್ಮಿ ಸಾಕು. 1930ರ ದಶಕದ ಶುರುವಿನಲ್ಲಿ ಅಸ್ಸಾಂನಲ್ಲಿ ಸಿಟಿಸಿ ಅನ್ನೋ ಯಂತ್ರ ಬಂತು. ಹಲ್ಲಿರೋ ಉರುಳೆಗಳ ನಡುವೆ ಎಲೆ ನುಚ್ಚಾಗಿ, ಹರಿದು, ಕಾಳಿನ ಥರ ಸುರುಳಿಯಾಗುತ್ತೆ. ಬೇಗ ಬಣ್ಣ ಬಿಡುತ್ತೆ, ಅದೇ ತೂಕಕ್ಕೆ ಹೆಚ್ಚು ಕಪ್ ಆಗುತ್ತೆ. ಮುಂದೆ ಅದು ದೇಶ ತುಂಬ ಹರಡಿದಾಗ ಬಡವರಿಗೂ ಖಡಕ್ ಚಹಾ ಕೈಗೆಟುಕಿತು. ಇವತ್ತು ಭಾರತ ಬೆಳೆಯೋ ಚಹಾದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನ ನಾವೇ ಕುಡೀತೀವಿ.

ಇಲ್ಲಿವರೆಗೆ ಲೆಕ್ಕದ ಒಂದು ಕಡೆ ಆಯ್ತು. ಇನ್ನೊಂದು ಕಡೆ ಹೇಳದೆ ಕಂತು ಮುಗಿಸಿದ್ರೆ ಮೇಷ್ಟ್ರು ಒಪ್ಪಲ್ಲ.

ಅಸ್ಸಾಂ ತೋಟಗಳಿಗೆ ಛೋಟಾನಾಗಪುರ, ಒಡಿಶಾ, ತೆಲುಗು ನಾಡು ಹೀಗೆ ದೂರದೂರದಿಂದ ಬಡವರನ್ನ, ಹೆಚ್ಚಾಗಿ ಆದಿವಾಸಿಗಳನ್ನ ಕರಾರಿನ ಮೇಲೆ ಕರೆತಂದರು. 1859ರ ಕಾನೂನಿನ ಪ್ರಕಾರ ಕರಾರು ಮುರಿದು ಕೆಲಸ ಬಿಟ್ಟರೆ ಅದು ಜೈಲಿಗೆ ಹೋಗೋ ಅಪರಾಧ. 1921ರ ಮೇನಲ್ಲಿ ಚರ್ಗೋಲಾ ಕಣಿವೆಯ ಸಾವಿರಾರು ಕಾರ್ಮಿಕರು ಗಾಂಧೀಜಿಗೆ ಜೈಕಾರ ಹಾಕುತ್ತಾ ತೋಟ ಬಿಟ್ಟು ಊರ ಕಡೆ ನಡೆದರು. ಈಗ ಬಾಂಗ್ಲಾದೇಶದಲ್ಲಿರೋ ಚಾಂದ್‌ಪುರ ಸ್ಟೇಷನ್ನಲ್ಲಿ ರಾತ್ರಿ ಮಲಗಿದ್ದಾಗ ಗೂರ್ಖಾ ಸೈನಿಕರು ಅವರ ಮೇಲೆ ಬಿದ್ದರು.

ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ತೋಟ ಕಾರ್ಮಿಕರ ಮನೆ, ನೀರು, ಆಸ್ಪತ್ರೆಗೆ ಅಂತ ಕಾನೂನು ಬಂತು. ಕೂಲಿ? 2023ರ ಅಕ್ಟೋಬರ್‌ನಲ್ಲಿ ಬ್ರಹ್ಮಪುತ್ರ ಕಣಿವೆಯ ದಿನಗೂಲಿಯನ್ನ 232 ರೂಪಾಯಿಯಿಂದ 250ಕ್ಕೆ ಏರಿಸಿದರು. ನಾನು ಇದನ್ನ ಓದಿದ ದಿನ ಒಂದು ಕೆಫೆಯಲ್ಲಿ ಕೂತಿದ್ದೆ. ಮುಂದಿದ್ದ ಬಿಲ್ ಅದಕ್ಕಿಂತ ಜಾಸ್ತಿ ಇತ್ತು. ಎರಡು ಕಪ್ ಚಹಾದ್ದು.

ಆ ತೋಟಗಳಲ್ಲಿ ಎಲೆ ಕೀಳೋರು ಕೆಲಸದ ನಡುವೆ ಕುಡಿಯೋ ಚಹಾ ಹೇಗಿರುತ್ತೆ ಗೊತ್ತಾ? ಹಾಲಿಲ್ಲ, ಸಕ್ಕರೆ ಇಲ್ಲ. ಕರಿ ಚಹಾಕ್ಕೆ ಉಪ್ಪು. ಬಿಸಿಲಲ್ಲಿ ಬೆವರಾಗಿ ಹೋದ ಉಪ್ಪು ಮೈಗೆ ವಾಪಸ್ ಬರಲಿ ಅಂತ. ಲು ಯು ಚಹಾಕ್ಕೆ ಉಪ್ಪು ಹಾಕಿದ್ದು ರುಚಿಗೆ. ಟಿಬೆಟ್‌ನವರು ಹಾಕೋದು ಬೆಣ್ಣೆ ಜತೆ. ಇಲ್ಲಿ ಉಪ್ಪು ಸಾಯಂಕಾಲದವರೆಗೆ ಬುಟ್ಟಿ ತುಂಬೋದಕ್ಕೆ. ಆ ಉಪ್ಪಿನಿಂದ ರಕ್ತದೊತ್ತಡ ಜಾಸ್ತಿಯಾಗುತ್ತೆ ಅಂತ ಡಾಕ್ಟರುಗಳು ಎಚ್ಚರಿಸ್ತಾ ಇದ್ದಾರೆ. ಜಗತ್ತಿನ ಚಹಾ ಪದ್ಧತಿಗಳ ಪಟ್ಟಿ ಮಾಡೋ ವಿಡಿಯೋಗಳಲ್ಲಿ ಜಪಾನ್ ಇರುತ್ತೆ, ಮೊರಾಕೊ ಇರುತ್ತೆ. ಈ ಉಪ್ಪು ಚಹಾ ಇರಲ್ಲ. ನನ್ನ ಪಟ್ಟಿಯಲ್ಲಿ ಅದೂ ಇರಲಿ ಅಂತ ಈ ಕಂತು ಮಾಡಿದೆ.

ಇದೆಲ್ಲ ಕೇಳಿ ಚಹಾ ಬಿಡಿ ಅಂತ ನಾನು ಹೇಳ್ತಾ ಇಲ್ಲ. ನಾನೂ ಬಿಡಲ್ಲ. ಮಾರೋಕೆ ಅಂತ ತಂದಿದ್ದನ್ನ ಜನ ಎಲ್ಲ ಕಡೆ ತಮ್ಮದು ಮಾಡಿಕೊಂಡಿದ್ದಾರೆ, ಅದು ಸುಳ್ಳಲ್ಲ. ನಮ್ಮಜ್ಜಿಗೆ ಈಗ ನಾಲ್ಕು ಗಂಟೆ ಚಹಾ ತಪ್ಪಿದ್ರೆ ತಲೆ ನೋವು. ಮನೆಗೆ ಯಾರೇ ಬಂದ್ರೂ ‘ಕೂಡ್ರಿ, ಚಹಾ ಕುಡದ ಹೋಗ್ರಿ’ ಅನ್ನೋದು ಅವರ ಮೊದಲ ಮಾತು. ಆ ಮಾತನ್ನ ಯಾವ ಸೆಸ್ ಸಮಿತಿಯೂ ಕಲಿಸಿದ್ದಲ್ಲ.

ಫೋನ್ ಇಡೋ ಮುಂಚೆ ಅಜ್ಜಿಗೆ ಉಪ್ಪು ಚಹಾದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, ‘ಅವರ ಕೈಲೆ ಹರದಿದ್ದು ಅಲ್ಲೇನು ನಾ ಕುಡಿಯೋದು’ ಅಂದ್ರು.

ಈ ವಾರ ನಿಮಗೊಂದು ಕೆಲಸ. ಮನೇಲಿ ಅಜ್ಜ ಅಜ್ಜಿ ಇದ್ರೆ, ಚಹಾ ಮೊದಲ ಸಲ ಮನೆಗೆ ಹೇಗೆ ಬಂತು ಅಂತ ಕೇಳಿ. ಸಂತೆಯ ಗಾಡಿಯಿಂದ ಬಂತೋ, ಮಿಲಿಟರಿಯಿಂದ ರಜಕ್ಕೆ ಬಂದ ಮಾವ ತಂದರೋ, ಮದುವೆ ಮನೇಲಿ ಕುಡಿದು ಕಲಿತರೋ. ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಕಂತಿನಲ್ಲಿ ಕೆಲವನ್ನ ಕೇಳಿಸ್ತೀನಿ. ಟೀ ಅಂತ ಕರೆಯೋರೂ ಕಳಿಸಬಹುದು, ರೂಮ್‌ಮೇಟ್ ಬೇಜಾರು ಮಾಡ್ಕೋತಾನೆ. ನಮಸ್ಕಾರ.